ಮುತ್ತು, ಬಳೆ ಮತ್ತು ತರ್ಕ



ಬ್ಯಾಂಕ್ ಪರೀಕ್ಷೆಗೆಂದು ಅಮೀರ್‌ಪೇಟೆ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರುಗಳಿಗೆ ಓಡಾಡುವವರಿಗೆ ಸಿಲಾಜಿಸಂ ಹೊಸದಲ್ಲ. ಒಂದೆರಡು ಹೇಳಿಕೆ ಕೊಟ್ಟು, ಅವುಗಳಿಂದ ಯಾವ ತೀರ್ಮಾನ ಬರುತ್ತದೆ ಎಂದು ಕೇಳುವ ಲೆಕ್ಕವಿದು. ಐಬಿಪಿಎಸ್ ಪರೀಕ್ಷೆಯಲ್ಲಿ ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಆದ್ದರಿಂದ ಊಹೆ ಬೇಡ.

ಒಂದು ಉದಾಹರಣೆ ನೋಡೋಣ:

1. ಎಲ್ಲ ಮುತ್ತುಗಳೂ ಬಳೆಗಳು.
2. ಕೆಲವು ಬಳೆಗಳು ಕೆಂಪು.

ಚಾರ್‌ಮಿನಾರ್ ಬಳಿಯ ಲಾಡ್ ಬಜಾರ್ ಸುತ್ತಿದವರು "ಮುತ್ತು ಬಳೆಯಾಗುವುದುಂಟೇ?" ಎಂದು ನಗಬಹುದು. ಆದರೆ ಇಲ್ಲಿ ಕೊಟ್ಟ ಹೇಳಿಕೆಯೇ ಸತ್ಯ. ನಮ್ಮ ಲೋಕಜ್ಞಾನಕ್ಕೆ ಕೆಲಸವಿಲ್ಲ.

ವೃತ್ತ ಬರೆಯಿರಿ. ಬಳೆಯ ದೊಡ್ಡ ವೃತ್ತದೊಳಗೆ ಮುತ್ತಿನ ಚಿಕ್ಕ ವೃತ್ತ. 'ಕೆಲವು ಬಳೆಗಳು ಮುತ್ತುಗಳು' ಎಂಬುದು ಖಚಿತ. ಇನ್ನು ಕೆಂಪಿನ ವೃತ್ತ ಬಳೆಯ ವೃತ್ತದೊಳಕ್ಕೆ ಸ್ವಲ್ಪವಾದರೂ ಬರಲೇಬೇಕು. ಮುತ್ತನ್ನು ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಹಾಗಾಗಿ 'ಕೆಲವು ಮುತ್ತುಗಳು ಕೆಂಪು' ಎಂಬ ತೀರ್ಮಾನ ನಿಲ್ಲದು. ಅದು ಸುಳ್ಳೆಂದಲ್ಲ, ಖಚಿತವಲ್ಲ ಅಷ್ಟೆ. ತೀರ್ಮಾನವನ್ನು ಮುರಿಯುವ ಒಂದೇ ಒಂದು ಚಿತ್ರ ಸಿಕ್ಕರೂ ಅದನ್ನು ಕೈಬಿಡಿ.

ಪರೀಕ್ಷೆಯ ಹೊರಗೂ ಇದು ಉಪಯೋಗಕ್ಕೆ ಬರುತ್ತದೆ. 'ಹೈದರಾಬಾದಿನಲ್ಲಿ ಬೆಳೆದ ಕೆಲವು ಮಕ್ಕಳಿಗೆ ಕನ್ನಡ ಓದಲು ಬಾರದು' ಎಂಬುದರಿಂದ ಹಿರಿಯರು 'ಯಾರಿಗೂ ಬಾರದು' ಎಂಬಲ್ಲಿಗೆ ಜಿಗಿಯುವುದುಂಟು. ಈ ಪುಟ ಓದುತ್ತಿರುವ ನೀವೇ ಆ ತೀರ್ಮಾನವನ್ನು ಮುರಿಯುವ ಚಿತ್ರ!

ಅಭ್ಯಾಸಕ್ಕೆ: ಮೇಲಿನ ಎರಡು ಹೇಳಿಕೆಗಳಿಂದ 'ಯಾವ ಮುತ್ತೂ ಕೆಂಪಲ್ಲ' ಎನ್ನಬಹುದೇ? ವೃತ್ತ ಬರೆದು ನೋಡಿ.