ಟೀಕೆಗೆ ಕಲ್ಲೇ ಉತ್ತರವೆ?

ಇತ್ತೀಚೆಗೆ ಬೆಂಗಳೂರಿನ ಗಂಗಾನಗರದಲ್ಲಿ ಶರಣರ ಚರಿತ್ರೆಯನ್ನಾಧರಿಸಿದ ನಾಟಕವೊಂದನ್ನು ನೋಡುವ ಅವಕಾಶ ನಮಗೊದಗಿತು. ಪ್ರದರ್ಶನ ಮುಗಿದ ಮೇಲೆ ವಯೋವೃದ್ಧ ಅಧ್ಯಾಪಕರೊಬ್ಬರು ಎದ್ದುನಿಂತು, ನಟನು ವಚನಗಳನ್ನು ಅರ್ಥವರಿಯದೆ ಒಪ್ಪಿಸಿದನೆಂದು ಆಕ್ಷೇಪಿಸಿದರು. ಮಾತು ನಿಷ್ಠುರವಾಗಿತ್ತು, ಸುಳ್ಳಾಗಿರಲಿಲ್ಲ. ಕೂಡಲೇ ನಾಲ್ಕಾರು ಅಭಿಮಾನಿಗಳು ಅವರನ್ನು ಗದರಿಸಿ ಕೂರಿಸಿದರು. ನಟನೂ ನಾಟಕಕಾರನೂ ವೇದಿಕೆಯ ಮೇಲೆ ಮುಗುಳ್ನಗುತ್ತ ಕುಳಿತಿದ್ದರು. ಅಭಿಮಾನಿಗಳ ಒರಟುತನಕ್ಕಿಂತ ಆ ಮುಗುಳ್ನಗೆಯೇ ನಮ್ಮನ್ನು ಹೆಚ್ಚು ನೋಯಿಸಿತು.

ಟೀಕೆಗೆ ಉತ್ತರ ಹೇಳಬೇಕಾದವನು ಕೃತಿಕಾರನೇ ಹೊರತು ಅವನ ಅಭಿಮಾನಿಗಳಲ್ಲ. ತನ್ನ ಪರವಾಗಿ ಇತರರು ಬಾಯಿ ಮುಚ್ಚಿಸುವಾಗ ಸುಮ್ಮನಿರುವವನು ಆ ಅಪರಾಧದಲ್ಲಿ ಪಾಲುದಾರನೇ ಸರಿ.

ಶೂನ್ಯಸಂಪಾದನೆಯನ್ನು ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳ ಕಾಯಕದಲ್ಲಿ ಮುಳುಗಿದ್ದ ಸಿದ್ಧರಾಮನನ್ನು ಅಲ್ಲಮಪ್ರಭು ಕಟುವಾಗಿ ಕೆಣಕಿದಾಗ, ಶಿಷ್ಯರು ಪ್ರಭುವಿನ ಮೇಲೆ ಕಲ್ಲು ಬೀಸಿದರು. ಸಿದ್ಧರಾಮನೂ ಸಿಟ್ಟಿನಿಂದಲೇ ಬಂದನು. ಆದರೆ ಬಂದವನು ಮಾತಿಗೆ ಮಾತು ಕೊಟ್ಟನು, ಕೇಳಿದನು, ತಿಳಿದನು. ಕಡೆಗೆ ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದನು. ಕಲ್ಲು ಬೀಸಿದವರ ಹೆಸರು ಯಾರಿಗೆ ನೆನಪಿದೆ? ಆಯ್ದಕ್ಕಿ ಮಾರಯ್ಯನಾದರೂ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದುದನ್ನು ಪತ್ನಿ ಲಕ್ಕಮ್ಮ ಖಂಡಿಸಿದಾಗ ತಿದ್ದಿಕೊಂಡನಲ್ಲದೆ ಮುನಿಯಲಿಲ್ಲ.

ತಿದ್ದಿಕೊಳ್ಳಲೊಪ್ಪದವನು ವಾದಿಸಲಿ. 1950ರ ಸುಮಾರಿನಲ್ಲಿ 'ನಗ್ನಸತ್ಯ' ಮೊದಲಾದ ಕಾದಂಬರಿಗಳು ಅಶ್ಲೀಲವೆಂಬ ಕೂಗೆದ್ದಾಗ ಅ. ನ. ಕೃಷ್ಣರಾಯರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ಬರೆದರು. ಅವರ ನಿಲುವನ್ನು ಒಪ್ಪುವುದೂ ಬಿಡುವುದೂ ಓದುಗನಿಗೆ ಸೇರಿದ್ದು; ಮಾರ್ಗವಂತೂ ಗೌರವದ್ದು.

ಇನ್ನು ನಮ್ಮ ಮನೆಯ ಮಾತು. ಬಸವಣ್ಣನವರ ಕುಟುಂಬವನ್ನು ಕುರಿತ ಸಂಶೋಧನೆಗಾಗಿ ಡಾ. ಎಂ. ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಅಭಿಪ್ರಾಯಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ಅವರು ಮುಂದೆ ನೊಂದು ನುಡಿದರು. ಸಮಗ್ರ ವಚನ ಸಂಪುಟಗಳ ಪ್ರಧಾನ ಸಂಪಾದಕರಾಗಿ ದುಡಿದ ವಿದ್ವಾಂಸರು ಅವರು! ಆಕರವನ್ನು ಆಕರದಿಂದ, ಶಾಸನವನ್ನು ಶಾಸನದಿಂದ ಖಂಡಿಸಬಹುದಾಗಿತ್ತು. ಹಾಗೆ ಬರೆದು ವಿರೋಧಿಸಿದವರಲ್ಲಿ ತಪ್ಪೇನೂ ಇಲ್ಲ. ಆದರೆ ಒತ್ತಡದಿಂದ ಪಡೆದ ಕ್ಷಮಾಪಣೆ ಯಾವ ಪ್ರಮೇಯವನ್ನೂ ಸುಳ್ಳಾಗಿಸದು. ಅದರಿಂದ ನಾವು ಗೆದ್ದುದಾದರೂ ಏನು?

2015ರ ಆಗಸ್ಟ್ 30ರಂದು ಧಾರವಾಡದ ಸ್ವಗೃಹದಲ್ಲೇ ಅವರು ಗುಂಡಿಗೆ ಬಲಿಯಾದರು. ಆ ಕೃತ್ಯಕ್ಕೂ ಹಿಂದಿನ ವಿವಾದಕ್ಕೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಮಾತನ್ನು ಬಲದಿಂದ ಅಡಗಿಸಬಹುದೆಂಬ ನಂಬಿಕೆ ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಮಾತ್ರ ಅದು ಸಾಕ್ಷಿ.

'ಟೀಕಾಕಾರರೆಲ್ಲ ಸಾಧುಗಳೆ? ಮತ್ಸರಿಗಳಿಲ್ಲವೆ?' ಎಂದು ಕೇಳುವವರುಂಟು. ಧಾರಾಳವಾಗಿ ಇದ್ದಾರೆ. ಆದರೆ ಮತ್ಸರಿ ಹೇಳಿದನೆಂಬ ಮಾತ್ರಕ್ಕೆ ಅನ್ನದೊಳಗಿನ ಕಲ್ಲು ಅನ್ನವಾಗದು. ಕಲ್ಲಿದ್ದರೆ ತೆಗೆಯಬೇಕು, ಇಲ್ಲದಿದ್ದರೆ ಇಲ್ಲವೆಂದು ತೋರಿಸಬೇಕು.

ನಮ್ಮ ಮಠಗಳ ನೆರಳಿನಲ್ಲಿ ಓದಿ ಇಂದು ಬರೆಯುತ್ತಿರುವ, ಹಾಡುತ್ತಿರುವ, ಬಣ್ಣ ಹಚ್ಚುತ್ತಿರುವ ಬಂಧುಗಳು ಅನೇಕರಿದ್ದಾರೆ. ಅವರಲ್ಲಿ ನಮ್ಮ ಬಿನ್ನಹ ಇಷ್ಟೆ: ಸಭೆಯಲ್ಲಿ ಒಬ್ಬರು ಎದ್ದುನಿಂತು ನಿಮ್ಮ ದೋಷ ಹೇಳಿದಾಗ, ಮೊದಲು ನಿಮ್ಮ ಅಭಿಮಾನಿಗಳನ್ನು ಕೂರಿಸಿರಿ, ಅನಂತರ ನೀವು ಎದ್ದುನಿಂತು ಉತ್ತರಿಸಿರಿ. ಅನುಭವಮಂಟಪದ ವಾರಸುದಾರರೆಂದು ಹೇಳಿಕೊಳ್ಳುವ ನಮಗೆ ಇದಕ್ಕಿಂತ ಕಡಿಮೆಯಾದುದು ಶೋಭಿಸದು.