ಬೀಗ ಹಾಕಿದ ಮೇಲೂ ಜಗ್ಗಿ ನೋಡಿ

ಯಶವಂತಪುರದ ಅಂಗಡಿಯವರು ರಾತ್ರಿ ಷಟರ್ ಎಳೆದು ಬೀಗ ಹಾಕಿದ ಮೇಲೂ ಒಂದ್ಸಲ ಜಗ್ಗಿ ನೋಡ್ತಾರೆ. ಬೀಗದ ಮೇಲೆ ಅಪನಂಬಿಕೆಯಲ್ಲ, ರೂಢಿ. ಎಚ್‌ಐವಿ ತಗುಲದಂತೆ ಮುಂಚೆಯೇ ನುಂಗುವ ‘ಪ್ರೆಪ್’ ಮಾತ್ರೆಗೂ ಇದೇ ಮಾತು. ಮೈಸೂರಿನ ಆಶೋದಯ ಸಮಿತಿಯ ಲೈಂಗಿಕ ವೃತ್ತಿ ಮಹಿಳೆಯರು 2016ರಲ್ಲೇ ಇದರ ಪ್ರಯೋಗಕ್ಕೆ ಮುಂದಾಗಿದ್ದರು.

ಮಾತ್ರೆ ನುಂಗ್ತಿದ್ದೀನಲ್ಲ, ಮತ್ತೆ ರಕ್ತ ಯಾಕೆ ಕೊಡಲಿ ಅಂತೀರಾ? ಸೋಂಕು ಒಳಗೇ ಇದ್ದು ಗೊತ್ತಾಗದಿದ್ದರೆ ಪ್ರೆಪ್‌ನ ಎರಡು ಔಷಧ ಸಾಲದು. ರೋಗಾಣು ಅದಕ್ಕೇ ಪಳಗಿಬಿಡುತ್ತೆ, ಆಮೇಲೆ ಚಿಕಿತ್ಸೆ ಕಷ್ಟ. ಅದಕ್ಕೇ ಶುರುವಿಗೆ ಮೊದಲು, ತಿಂಗಳ ನಂತರ, ಆಮೇಲೆ 3 ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ಔಷಧಿ ಅಂಗಡಿಯವರೇ, ಡಾಕ್ಟರ ಚೀಟಿ ಇಲ್ಲದೆ ಕೊಡಬೇಡಿ.

ಹೊಸ ಸೋಂಕು ಪರೀಕ್ಷೆಗೆ ಸಿಗಲು ವಾರಗಳೇ ಬೇಕು. ಮಾತ್ರೆ ತಗೊಳ್ಳುವವರಲ್ಲಿ ಇನ್ನೂ ತಡವಾಗಬಹುದು. ‘ನೆಗೆಟಿವ್’ ಚೀಟಿಯೂ ಬಸ್ ಪಾಸಿನ ಹಾಗೆ, ಅವಧಿ ಮುಗಿಯುತ್ತೆ. ಇನ್ನು ಒಂದು ಕಿಟ್‌ನಲ್ಲಿ ಗೆರೆ ಬಂತೆಂದು ಎದೆ ಒಡೆದುಕೊಳ್ಳಬೇಡಿ. 3 ಬೇರೆ ಬೇರೆ ಪರೀಕ್ಷೆ ಒಂದೇ ಮಾತು ಹೇಳಿದ ಮೇಲೇ ಪಾಸಿಟಿವ್ ಅನ್ನೋದು ನಮ್ಮ ದೇಶದ ಪದ್ಧತಿ.

ನಾಚಿಕೆಯೇ? ಸರ್ಕಾರಿ ಐಸಿಟಿಸಿಗಳಲ್ಲಿ ಪರೀಕ್ಷೆ ಪುಕ್ಕಟೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಗುಟ್ಟು ಬಿಡೋ ಹಾಗಿಲ್ಲ ಅಂತ 2017ರ ಕಾನೂನೇ ಇದೆ. ಯಲಹಂಕದಲ್ಲಿ ಪರಿಚಯದವರು ಕಂಡಾರು ಅನ್ನಿಸಿದರೆ ಬಸ್ ಹತ್ತಿ ಬೇರೆ ಕಡೆ ಹೋಗಿ. 1097ಕ್ಕೆ ಫೋನ್ ಮಾಡಿದರೂ ದಾರಿ ಹೇಳ್ತಾರೆ. ಮನೆಯವರ ಮುಖ ನೆನೆದಾದರೂ ಹೋಗಿಬನ್ನಿ ಸ್ವಾಮಿ.