ಕ್ರೀಡಾಪಟುಗಳೂ ನಿಷಿದ್ಧ ಔಷಧಗಳೂ

ನಿಷಿದ್ಧ ಔಷಧಗಳನ್ನು ಸೇವಿಸಿ ಸಿಕ್ಕಿಬೀಳುವ ಕ್ರೀಡಾಪಟುಗಳ ಲೆಕ್ಕದಲ್ಲಿ ನಮ್ಮ ದೇಶವು ಅಗ್ರಸ್ಥಾನಕ್ಕೇರಿರುವುದು ದೇಶಾಭಿಮಾನಿಗಳೆಲ್ಲರಿಗೂ ಲಜ್ಜಾಸ್ಪದವಾದ ಸಂಗತಿಯಾಗಿದೆ. 2023ರಲ್ಲಿ ನಮ್ಮ ರಾಷ್ಟ್ರೀಯ ಸಂಸ್ಥೆಯವರು ಪರೀಕ್ಷಿಸಿದ 5,606 ಮಾದರಿಗಳ ಪೈಕಿ 213ರಲ್ಲಿ ದೋಷವು ಕಂಡುಬಂದಿತು. 2030ರ ಕಾಮನ್‌ವೆಲ್ತ್ ಕ್ರೀಡೆಗಳು ಅಹಮದಾಬಾದಿನಲ್ಲಿ ನಡೆಯತಕ್ಕವಾಗಿರಲು, ಈ ಕಳಂಕವನ್ನು ಹೊತ್ತೇ ಅತಿಥಿಗಳನ್ನು ಇದಿರುಗೊಳ್ಳುವುದೆ?

ಕುಂದಾಪುರದ ಕಡೆಯ ಅಶ್ವಿನಿ ಅಕ್ಕುಂಜಿಯವರ ಸಂಗತಿಯನ್ನು ವಾಚಕರು ಮರೆತಿರಲಾರರು. 2010ರ ಏಷ್ಯಾ ಕ್ರೀಡೆಗಳಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದ ಇವರು ಮರುವರ್ಷವೇ ಪಟಿಯಾಲದ ಶಿಬಿರದಲ್ಲಿ ಸಿಕ್ಕಿಬಿದ್ದರು. ತರಬೇತುದಾರನು ಕೊಟ್ಟ ಜಿನ್ಸೆಂಗ್ ಮಾತ್ರೆಗಳೇ ಕಾರಣವೆಂದು ಇವರೂ ಜೊತೆಯವರೂ ವಾದಿಸಿದರು. ದೇಶದೊಳಗಿನ ವಿಚಾರಣಾ ಮಂಡಲಿಯು ಒಂದು ವರ್ಷದ ನಿಷೇಧವನ್ನು ವಿಧಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವು ಅದನ್ನು ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ತರಬೇತುದಾರನಿಗಾದರೋ ಕೆಲಸ ಹೋಯಿತು, ಅಷ್ಟೆ.

ತನ್ನ ದೇಹವನ್ನು ಸೇರುವ ವಸ್ತುವಿಗೆ ಕ್ರೀಡಾಪಟುವೇ ಹೊಣೆಯೆಂಬ ನಿಯಮವು ಕಠಿನವಾದರೂ ಅಗತ್ಯವೆಂದೇ ನಮ್ಮ ಅಭಿಪ್ರಾಯ. ಇಲ್ಲವಾದರೆ ಪ್ರತಿಯೊಬ್ಬ ವಂಚಕನೂ ಗುರುವಿನ ಕಡೆಗೆ ಬೆರಳು ತೋರಿಸಿಯಾನು. ಆದರೆ ಶಿಷ್ಯರ ಮೇಲೆ ಬಿದ್ದ ದಂಡವು ಕೊಟ್ಟ ಕೈಯನ್ನು ಮುಟ್ಟದೆ ಹೋದರೆ ನ್ಯಾಯವು ಅರ್ಧವೇ ಆದಂತಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಲ್ಲಿ ಪೈರನ್ನು ದಂಡಿಸಿ ಫಲವೇನು?

ಪ್ರಲೋಭನೆಯ ಮೂಲವನ್ನು ನಮ್ಮ ದಂಡಿನ ಪ್ರದೇಶದವರು ಬಲ್ಲರು. ಹಲಸೂರಿನ ಬಳಿಯ ಆರ್‌ಬಿಎಎನ್‌ಎಂಎಸ್ ಮೈದಾನದಲ್ಲಿ ಚೆಂಡೊದೆದು ಬೆಳೆದ ಬಡ ಹುಡುಗರಿಗೆ ದೂರವಾಣಿನಗರದ ಐಟಿಐ, ಎಚ್‌ಎಎಲ್ ಮೊದಲಾದ ಕಾರ್ಖಾನೆಗಳ ತಂಡಗಳು ಅನ್ನದ ದಾರಿ ತೋರಿಸಿದ ಕಾಲವೊಂದಿತ್ತು. ಈಗ ಅಂತಹ ಬಾಗಿಲುಗಳು ಕಡಮೆಯಾಗಿವೆ. ಒಂದು ಪದಕದ ಮೇಲೆ ಒಂದು ಸಂಸಾರದ ನೌಕರಿಯೇ ನಿಂತಿರುವಾಗ, ಬಲಿಷ್ಠನಾಗುವೆಯೆಂದು ಹಿರಿಯನೊಬ್ಬನು ನೀಡಿದ ಮಾತ್ರೆಯನ್ನು ಹದಿನೆಂಟರ ಹುಡುಗನು ಬೇಡವೆನ್ನುವುದು ಸುಲಭವಲ್ಲ.

2022ರ ಶಾಸನವು ಕಾಗದದ ಮೇಲೆ ಬಲವಾಗಿಯೇ ಇದೆ. ಅದು ಶಿಬಿರದ ಒಳಗೂ ನಡೆಯಬೇಕು. ಅಲ್ಲಿ ಹಂಚುವ ಪ್ರತಿಯೊಂದು ಮಾತ್ರೆಯನ್ನೂ ಪುಡಿಯನ್ನೂ, ಕೊಟ್ಟವರ ರುಜುವಿನೊಡನೆ, ದಫ್ತರದಲ್ಲಿ ಬರೆದಿಡಲಿ. ಒಬ್ಬನು ಸಿಕ್ಕಿಬಿದ್ದ ದಿನವೇ ಅವನ ತರಬೇತುದಾರನ ವಿಚಾರಣೆಯೂ ಆರಂಭವಾಗಲಿ. ನಮ್ಮ ರಾಜ್ಯದ ಕ್ರೀಡಾ ಇಲಾಖೆಯವರು ಈ ಕ್ರಮವನ್ನು ತಮ್ಮ ವಸತಿ ಶಾಲೆಗಳಿಂದಲೇ ಆರಂಭಿಸಿ ದೇಶಕ್ಕೆ ಮೇಲ್ಪಂಕ್ತಿಯಾಗಲೆಂದು ಒತ್ತಾಯಪಡಿಸುತ್ತೇವೆ.